ಸವೆದ ಎಸ್‌ಯು ಕಾರ್ಬುರೇಟರ್ ರಿಪೇರಿ: ಕಿಟ್ ತರುವ ಮುಂಚೆ ಸ್ಪಿಂಡಲ್ ಅಲ್ಲಾಡಿಸಿ ನೋಡಿ

ಐಡ್ಲಿಂಗ್, ಅಂದರೆ ಆಕ್ಸಿಲರೇಟರ್ ಒತ್ತದಿದ್ದಾಗ ಇಂಜಿನ್ ಓಡುವ ವೇಗ, ಒಂದೇ ಸಮ ನಿಲ್ಲುವುದಿಲ್ಲ. ಸ್ಕ್ರೂ ತಿರುಗಿಸಿ 800 ಆರ್‌ಪಿಎಂಗೆ ತಂದು ನಿಲ್ಲಿಸುತ್ತೀರಿ. ಒಂದು ಸಲ ಆಕ್ಸಿಲರೇಟರ್ ಒತ್ತಿ ಬಿಟ್ಟರೆ 1200ಕ್ಕೆ ಹೋಗಿ ಅಲ್ಲೇ ಕೂತುಬಿಡುತ್ತದೆ. ಇನ್ನೊಂದು ಸಲ ಒತ್ತಿ ಬಿಟ್ಟರೆ ಇಂಜಿನ್ ಆಫ್. ಹಳೇ ಸ್ಪೋರ್ಟ್ಸ್ ಕಾರ್ ಇಟ್ಟುಕೊಂಡವರಿಗೆಲ್ಲ ಇದು ಗೊತ್ತಿರುವ ತೊಂದರೆ. ಆಗ ಹೆಚ್ಚಿನವರು ಒಂದು ಗ್ಯಾಸ್ಕೆಟ್ ಕಿಟ್ ತಂದು, ಕಾರ್ಬುರೇಟರ್ (ಗಾಳಿ, ಪೆಟ್ರೋಲ್ ಬೆರೆಸಿ ಇಂಜಿನ್‌ಗೆ ಕೊಡುವ ಭಾಗ) ಬಿಚ್ಚಿ ತೊಳೆದು, ಹೊಸ ವಾಷರ್ ಹಾಕಿ ಕೂರಿಸುತ್ತಾರೆ. ನೋಡಲು ಫಳಫಳ ಹೊಳೆಯುತ್ತದೆ. ಕಾಯಿಲೆ ಮಾತ್ರ ಹಾಗೇ ಇರುತ್ತದೆ. ಯಾಕೆಂದರೆ ಸವೆದಿರುವ ಭಾಗ ಆ ಕಿಟ್‌ನಲ್ಲಿ ಇರುವುದೇ ಇಲ್ಲ.

ನನ್ನ ಹತ್ತಿರ ಇರುವುದು 1967ರ ಎಂಜಿಬಿ ಎಂಬ ಇಂಗ್ಲಿಷ್ ಸ್ಪೋರ್ಟ್ಸ್ ಕಾರ್. 1798 ಸಿಸಿ ಇಂಜಿನ್, ಎರಡು ಎಸ್‌ಯು ಎಚ್‌ಎಸ್4 ಕಾರ್ಬುರೇಟರ್, ಪ್ರತಿಯೊಂದರ ಬಾಯಿ ಒಂದೂವರೆ ಇಂಚು. ಹಾಗಾಗಿ ಇಲ್ಲಿ ಹೇಳುವುದೆಲ್ಲ ಎಚ್‌ಎಸ್4 ಬಗ್ಗೆ. ವೋಲ್ವೊ ಪಿ1800 ಕಾರಿನ ಎಚ್‌ಎಸ್6ಗೂ ಮೂಲ ಕೆಲಸ ಇದೇ. ಅಳತೆಗಳನ್ನು ಮಾತ್ರ ನಿಮ್ಮ ಕಾರಿನ ವರ್ಕ್‌ಶಾಪ್ ಮ್ಯಾನುಯಲ್ ನೋಡಿ ತೆಗೆದುಕೊಳ್ಳಿ.

ಎಸ್‌ಯು ಎಷ್ಟು ಸರಳ ಅಂತ ತಿಳಿದರೆ ಬಿಚ್ಚುವ ಭಯ ಹೋಗುತ್ತದೆ. ಇಪ್ಪತ್ತನೇ ಶತಮಾನದ ಆರಂಭದಲ್ಲಿ ಇಂಗ್ಲೆಂಡಿನ ಸ್ಕಿನ್ನರ್ ಅಣ್ಣತಮ್ಮಂದಿರು ಇದನ್ನು ಮಾಡಿದಾಗ ಈಗ ಪಿಸ್ಟನ್ ಇರುವ ಜಾಗದಲ್ಲಿ ಚರ್ಮದ ತಿದಿ ಇತ್ತು. ಆಮೇಲೆ ಪಿಸ್ಟನ್ ಬಂತು. ತತ್ವ ಅದೇ. ಇಂಜಿನ್ ಎಳೆದಷ್ಟೂ ಪಿಸ್ಟನ್ ಮೇಲೇರುತ್ತದೆ. ಅದರ ಬುಡದಲ್ಲಿ ಮೊನಚಾದ ಒಂದು ಸೂಜಿ, ಅಂದರೆ ನೀಡಲ್. ಅದು ಕೆಳಗಿನ ಜೆಟ್‌ನ, ಅಂದರೆ ಪೆಟ್ರೋಲ್ ಬರುವ ಸಣ್ಣ ಕೊಳವೆಯ, ತೂತಿನೊಳಗೆ ಇಳಿದಿರುತ್ತದೆ. ಪಿಸ್ಟನ್ ಏರಿದರೆ ಗಾಳಿಗೆ ದಾರಿ ಜಾಸ್ತಿ, ಸೂಜಿ ಮೇಲೆ ಬಂದಷ್ಟು ಪೆಟ್ರೋಲಿಗೂ ದಾರಿ ಜಾಸ್ತಿ. ಇಷ್ಟೇ. ಐಡ್ಲಿಂಗ್‌ಗೆ ಬೇರೆ ಜೆಟ್ ಇಲ್ಲ, ವೇಗಕ್ಕೆ ಬೇರೆ ಜೆಟ್ ಇಲ್ಲ. ಸವೆಯುವ ಭಾಗಗಳೂ ಕಡಿಮೆ: ಥ್ರಾಟಲ್ ಸ್ಪಿಂಡಲ್ (ಗಾಳಿಯ ದಾರಿ ತೆರೆದು ಮುಚ್ಚುವ ಡಿಸ್ಕನ್ನು ತಿರುಗಿಸುವ ಕಡ್ಡಿ) ಮತ್ತು ಅದು ತಿರುಗುವ ತೂತು, ನೀಡಲ್ ಮತ್ತು ಜೆಟ್, ಪೆಟ್ರೋಲ್ ಬಟ್ಟಲಲ್ಲಿ ತೇಲುವ ಫ್ಲೋಟ್ ಮೇಲಿನ ವಾಲ್ವ್. ಉಳಿದದ್ದು ಬರೀ ಕೊಳೆ.

ಬಿಚ್ಚುವ ಮುಂಚೆ

ಕಾರ್ಬುರೇಟರ್ ಮೇಲೆ ಹೊರಿಸುವ ಅರ್ಧ ತಪ್ಪು ಇಗ್ನಿಷನ್‌ದು. ಮೊದಲು ಟ್ಯಾಪೆಟ್, ಅಂದರೆ ಇಂಜಿನ್ ವಾಲ್ವ್‌ಗಳ ಸಂದು ನೋಡಿ. ನನ್ನ ಇಂಜಿನ್‌ಗೆ 0.015 ಇಂಚು. ಆಮೇಲೆ ಪ್ಲಗ್ ಗ್ಯಾಪ್ 0.025 ಇಂಚು, ಪಾಯಿಂಟ್ ಗ್ಯಾಪ್ 0.015 ಇಂಚು, ಆಮೇಲೆ ಟೈಮಿಂಗ್. ಇವು ಸರಿಯಾದ ಮೇಲೂ ಐಡ್ಲಿಂಗ್ ಅಲೆದಾಡಿದರೆ ಮಾತ್ರ ಕಾರ್ಬುರೇಟರ್‌ಗೆ ಕೈ ಹಾಕಿ. ಈ ಕ್ರಮ ಬಿಟ್ಟರೆ ಎರಡು ಕಾಯಿಲೆಗೆ ಒಂದೇ ಔಷಧಿ ಹುಡುಕುತ್ತಾ ಕೂರಬೇಕಾಗುತ್ತದೆ.

ಈಗ ಸ್ಪಿಂಡಲ್ ಪರೀಕ್ಷೆ. ಇಂಜಿನ್ ಆಫ್ ಇರಲಿ. ಥ್ರಾಟಲ್ ಲಿವರ್ ಇರುವ ತುದಿಯನ್ನು ಎರಡು ಬೆರಳಲ್ಲಿ ಹಿಡಿದು ಮೇಲೆ ಕೆಳಗೆ, ಹಿಂದೆ ಮುಂದೆ ಅಲ್ಲಾಡಿಸಿ. ಉದ್ದಕ್ಕೆ, ಅಂದರೆ ಒಳಗೆ ಹೊರಗೆ, ಸ್ವಲ್ಪ ಜಾರಿದರೆ ಪರವಾಗಿಲ್ಲ. ಮೇಲೆ ಕೆಳಗೆ ಕಟಕಟ ಅಂತ ಬೆರಳಿಗೆ ಗೊತ್ತಾದರೆ ಅಲ್ಲಿಂದ ಗಾಳಿ ನುಗ್ಗುತ್ತಿದೆ ಅಂತಲೇ ಅರ್ಥ. ಆ ಗಾಳಿ ಜೆಟ್ ದಾಟಿದ ಮೇಲೆ ಸೇರಿಕೊಳ್ಳುತ್ತದೆ, ಅದಕ್ಕೆ ಪೆಟ್ರೋಲಿನ ಲೆಕ್ಕವೇ ಇಲ್ಲ. ಸ್ಪಿಂಡಲ್ ಪ್ರತಿ ಸಲ ಬೇರೆ ಬೇರೆ ಕಡೆ ಒರಗಿ ನಿಲ್ಲುವುದರಿಂದ ಗಾಳಿಯೂ ಪ್ರತಿ ಸಲ ಬೇರೆ ಪ್ರಮಾಣ. ಐಡ್ಲಿಂಗ್ ಒಂದು ಕಡೆ ನಿಲ್ಲದಿರುವುದಕ್ಕೆ ಕಾರಣ ಇದೇ.

ಇಂಜಿನ್ ಓಡುವಾಗ ಸ್ಪಿಂಡಲ್ ತುದಿಗೆ ಕ್ಲೀನರ್ ಸ್ಪ್ರೇ ಹೊಡೆದು ನೋಡಿ ಅಂತ ಹಲವರು ಹೇಳುತ್ತಾರೆ. ಎಂಜಿಬಿಯಲ್ಲಿ ಅದನ್ನು ಮಾಡಬೇಡಿ ಅಂತ ನಾನು ಕೈಮುಗಿದು ಹೇಳುತ್ತೇನೆ. ಇದರ ಇನ್‌ಲೆಟ್, ಎಕ್ಸಾಸ್ಟ್ ಎರಡೂ ಇಂಜಿನ್‌ನ ಒಂದೇ ಪಕ್ಕದಲ್ಲಿವೆ. ಸ್ಪ್ರೇ ಬೀಳುವುದು ಕಾದ ಎಕ್ಸಾಸ್ಟ್ ಮೇಲೆ. ಬದಲಿಗೆ ಎಣ್ಣೆ ಕ್ಯಾನಿನಿಂದ ಒಂದೊಂದು ತೊಟ್ಟು ಇಂಜಿನ್ ಆಯಿಲ್ ಸ್ಪಿಂಡಲ್ ತುದಿಗೆ ಬಿಡಿ. ಎಣ್ಣೆ ಸಂದು ಮುಚ್ಚಿದ ಕೆಲವು ಕ್ಷಣ ಇಂಜಿನ್ ಸದ್ದು ಬದಲಾದರೆ ರೋಗ ಸಿಕ್ಕಿತು.

ಇಳಿಸುವುದು

ಬ್ಯಾಟರಿ ತಂತಿ ತೆಗೆಯಿರಿ. ಹತ್ತಿರ ಬೆಂಕಿ, ಸಿಗರೇಟು, ಹೀಟರ್ ಯಾವುದೂ ಬೇಡ. ಬೆಂಕಿ ಆರಿಸುವ ಸಿಲಿಂಡರ್ ಕೈಗೆಟುಕುವಂತಿರಲಿ. ಏರ್ ಫಿಲ್ಟರ್, ಪೆಟ್ರೋಲ್ ಪೈಪ್, ಥ್ರಾಟಲ್ ಮತ್ತು ಚೋಕ್ ಕೇಬಲ್, ರಿಟರ್ನ್ ಸ್ಪ್ರಿಂಗ್ ಬಿಚ್ಚಿದ ಮೇಲೆ ಎರಡೂ ಕಾರ್ಬುರೇಟರ್ ನಡುವಿನ ರಾಡ್ ಸಮೇತ ಒಟ್ಟಿಗೆ ಬರುತ್ತವೆ. ಬಿಚ್ಚುವ ಮುಂಚೆ ಎಲ್ಲ ಕಡೆಯಿಂದ ಫೋಟೋ ತೆಗೆಯಿರಿ. ಮೇಜಿನ ಮೇಲೆ ಎರಡು ತಟ್ಟೆ ಇಡಿ. ಒಂದು ಮುಂದಿನದಕ್ಕೆ, ಒಂದು ಹಿಂದಿನದಕ್ಕೆ. ನೋಡಲು ಎರಡೂ ಒಂದೇ ಥರ ಕಂಡರೂ ಅವು ಎಡ–ಬಲದ ಜೋಡಿ. ಜೆಟ್‌ನ ನೈಲಾನ್ ಪೈಪ್ ಉದ್ದ ಕೂಡ ಬೇರೆ ಬೇರೆ.

ಸ್ಪಿಂಡಲ್, ಡಿಸ್ಕ್, ಬುಷ್

ಇಡೀ ಕೆಲಸದ ಜೀವ ಇರುವುದು ಇಲ್ಲಿ. ಸಮಯ ಇಲ್ಲೇ ಕೊಡಿ.

ಥ್ರಾಟಲ್ ಡಿಸ್ಕನ್ನು ಸ್ಪಿಂಡಲ್‌ಗೆ ಎರಡು ಸಣ್ಣ ಸ್ಕ್ರೂ ಹಿಡಿದಿರುತ್ತವೆ. ಸ್ಕ್ರೂನ ಹಿಂಬದಿ ತುದಿ ಸೀಳಿ ಅಗಲ ಮಾಡಿರುತ್ತಾರೆ, ಬಿಚ್ಚಿಕೊಂಡು ಇಂಜಿನ್ ಒಳಗೆ ಬೀಳಬಾರದು ಅಂತ. ಹಾಗೇ ತಿರುಗಿಸಿದರೆ ಸ್ಪಿಂಡಲ್‌ನ ಮರೆ (ಥ್ರೆಡ್) ಕಿತ್ತುಬರುತ್ತದೆ, ಇಲ್ಲವೇ ಸ್ಕ್ರೂ ಮುರಿಯುತ್ತದೆ. ಮೊದಲು ಸಣ್ಣ ಇಕ್ಕಳದಿಂದ ಆ ಸೀಳನ್ನು ಒತ್ತಿ ಮುಚ್ಚಿ, ಆಮೇಲೆ ಬಿಚ್ಚಿ. ಡಿಸ್ಕ್ ಅಂಚು ಓರೆಯಾಗಿ ಕೊರೆದದ್ದು, ಒಂದೇ ದಿಕ್ಕಿನಲ್ಲಿ ಸರಿಯಾಗಿ ಕೂರುತ್ತದೆ. ಹೊರತೆಗೆಯುವ ಮುಂಚೆ ಮೇಲಿನ ಬದಿಗೆ ಒಂದು ಗುರುತು ಹಾಕಿ.

ಈಗ ಸ್ಪಿಂಡಲನ್ನು ಮೈಕ್ರೋಮೀಟರ್‌ನಲ್ಲಿ ಅಳೆಯಿರಿ. ಎಚ್‌ಎಸ್4ರಲ್ಲಿ ಹೊಸದು 5/16 ಇಂಚು, ಅಂದರೆ ಸುಮಾರು 7.94 ಮಿ.ಮೀ. ಕಾರ್ಬುರೇಟರ್ ಬಾಡಿಯೊಳಗೆ ಉಜ್ಜುವ ಜಾಗದಲ್ಲಿ ಒಂದು ಅಳತೆ, ಎಂದೂ ಉಜ್ಜದ ಜಾಗದಲ್ಲಿ ಇನ್ನೊಂದು. ವ್ಯತ್ಯಾಸ ಎಷ್ಟೋ ಸವೆತ ಅಷ್ಟು. ಮೈಕ್ರೋಮೀಟರ್ ಇಲ್ಲದಿದ್ದರೂ ಉಗುರು ಎಳೆದರೆ ಮೆಟ್ಟಿಲು ತಗುಲುವುದು ಗೊತ್ತಾಗುತ್ತದೆ. ಸ್ಪಿಂಡಲ್ ಹಿತ್ತಾಳೆ, ಬಾಡಿ ಅಲ್ಯೂಮಿನಿಯಂ. ಎರಡೂ ಸವೆಯುತ್ತವೆ. ರಿಟರ್ನ್ ಸ್ಪ್ರಿಂಗ್ ಯಾವಾಗಲೂ ಒಂದೇ ಕಡೆ ಎಳೆಯುವುದರಿಂದ ತೂತು ದುಂಡಗೆ ಉಳಿಯುವುದಿಲ್ಲ, ಮೊಟ್ಟೆಯ ಆಕಾರಕ್ಕೆ ಹೋಗುತ್ತದೆ.

ಮೊದಲು ಹೊಸ ಸ್ಪಿಂಡಲನ್ನು ಹಳೇ ತೂತಿಗೆ ಹಾಕಿ ಅಲ್ಲಾಡಿಸಿ ನೋಡಿ. ಅಲುಗಾಟ ಹೋಯಿತಾ? ಹಾಗಾದರೆ ಅಷ್ಟೇ ಸಾಕು, ಬಾಡಿಗೆ ಕೈ ಹಾಕಬೇಡಿ. ಇನ್ನೂ ಕಟಕಟ ಅಂದರೆ ಬುಷ್ ಹಾಕಿಸಲೇಬೇಕು.

ಬುಷ್ ಹಾಕುವುದೆಂದರೆ ಹಳೇ ತೂತನ್ನು ದೊಡ್ಡದು ಮಾಡಿ, ಒಳಗೆ ಕಂಚಿನ ಕೊಳವೆ ಒತ್ತಿ ಕೂರಿಸಿ, ಅದನ್ನು ಸ್ಪಿಂಡಲ್ ಅಳತೆಗೆ ರೀಮ್ ಮಾಡುವುದು, ಅಂದರೆ ನಿಖರವಾಗಿ ನಯವಾಗಿ ಕೊರೆಯುವುದು. ಕೇಳಲು ಸುಲಭ. ಎರಡು ವಿಷಯ ತಪ್ಪಿದರೆ ಬಾಡಿಯೇ ಹಾಳು. ಒಂದು, ಹೊಸ ತೂತಿನ ಮಧ್ಯ ಕಾರ್ಖಾನೆ ಕೊರೆದ ಮಧ್ಯದಲ್ಲೇ ಇರಬೇಕು. ಕೈ ಡ್ರಿಲ್ ಹಾಕಿದರೆ ಅದು ಸವೆದ ಕಡೆಗೇ ಎಳೆದುಕೊಂಡು ಹೋಗುತ್ತದೆ. ಎರಡು, ಎರಡೂ ಬದಿಯ ಬುಷ್ ಒಂದೇ ಗೆರೆಯಲ್ಲಿರಬೇಕು. ಅದಕ್ಕೆ ಎರಡನ್ನೂ ಒಂದೇ ಉದ್ದನೆಯ ರೀಮರ್‌ನಲ್ಲಿ ಒಂದೇ ಓಟದಲ್ಲಿ ತೆಗೆಯಬೇಕು. ನಿಮ್ಮಲ್ಲಿ ಮಿಲ್ಲಿಂಗ್ ಮೆಷಿನ್ನೂ ಬಾಡಿ ಹಿಡಿಯುವ ಜಿಗ್ಗೂ ಇದ್ದರೆ ಮಾಡಿ. ಇಲ್ಲದಿದ್ದರೆ ಎಸ್‌ಯು ಕೆಲಸ ಮಾಡಿ ಅನುಭವ ಇರುವ ಮೆಷಿನಿಸ್ಟ್‌ಗೆ ಕೊಡಿ. ಉಳಿದ ಎಲ್ಲ ಕೆಲಸ ನಾನು ನನ್ನ ಮೇಜಿನ ಮೇಲೆ ಮಾಡುತ್ತೇನೆ, ಇದೊಂದನ್ನು ಹೊರಗೆ ಕೊಡುತ್ತೇನೆ. ಓವರ್‌ಸೈಜ್ ಸ್ಪಿಂಡಲ್ ಹಾಕುವ ದಾರಿಯೂ ಇದೆ. ನನಗೆ ಅದು ಇಷ್ಟವಿಲ್ಲ. ಮುಂದೆ ಅದು ಸವೆದಾಗ ಮತ್ತೆ ತೂತು ದೊಡ್ಡದು ಮಾಡಬೇಕು. ಬುಷ್ ಆದರೆ ಸ್ಟ್ಯಾಂಡರ್ಡ್ ಸ್ಪಿಂಡಲ್ ಯಾವಾಗಲೂ ಹೊಂದುತ್ತದೆ.

ಡಿಸ್ಕ್ ವಾಪಸ್ ಹಾಕುವಾಗ ಸ್ಕ್ರೂ ಹೊಸದೇ ಇರಲಿ. ಸ್ವಲ್ಪ ಸಡಿಲ ಬಿಟ್ಟು ಥ್ರಾಟಲನ್ನು ನಾಲ್ಕೈದು ಸಲ ಟಪ್ ಅಂತ ಮುಚ್ಚಿ. ಡಿಸ್ಕ್ ತಾನಾಗಿ ಮಧ್ಯಕ್ಕೆ ಬರುತ್ತದೆ. ಮುಚ್ಚಿ ಹಿಡಿದೇ ಸ್ಕ್ರೂ ಬಿಗಿ ಮಾಡಿ. ಆಮೇಲೆ ಬಾಡಿಯನ್ನು ಬಲ್ಬಿನ ಎದುರು ಹಿಡಿದು ಕಣ್ಣಿಟ್ಟು ನೋಡಿ. ಸುತ್ತಲೂ ಬೆಳಕು ಕಾಣಬಾರದು, ಕಂಡರೂ ಕೂದಲೆಳೆಯಷ್ಟು ಒಂದೇ ಸಮ ಇರಬೇಕು. ಒಂದು ಕಡೆ ಮಾತ್ರ ಚಂದ್ರನ ಚೂರಿನಂತೆ ಕಂಡರೆ ಮತ್ತೆ ಸಡಿಲಿಸಿ ಕೂರಿಸಿ. ಎಲ್ಲ ಸರಿ ಅನಿಸಿದ ಮೇಲೆ ಸ್ಕ್ರೂ ತುದಿಯ ಸೀಳನ್ನು ಸ್ವಲ್ಪ ಅಗಲ ಮಾಡಿ. ಇದನ್ನು ಮರೆಯುವಂತಿಲ್ಲ. ಕೆಲವು ಡಿಸ್ಕ್‌ಗಳಲ್ಲಿ ಸ್ಪ್ರಿಂಗ್ ಇರುವ ಸಣ್ಣ ವಾಲ್ವ್ ಇರುತ್ತದೆ. ಸ್ಪ್ರಿಂಗ್ ಬಳಲಿದರೆ ಅದೂ ಐಡ್ಲಿಂಗ್ ಏರಿಸುತ್ತದೆ. ಆ ಡಿಸ್ಕ್ ಬದಲಿಸುವಾಗ ವಾಲ್ವ್ ಇಲ್ಲದ್ದನ್ನು ಹಾಕುವವರೇ ಜಾಸ್ತಿ, ನಾನೂ ಅದನ್ನೇ ಹಾಕಿದ್ದೇನೆ.

ಪಿಸ್ಟನ್ ಮತ್ತು ಡ್ಯಾಶ್‌ಪಾಟ್

ಮೇಲಿನ ಟೋಪಿಯಂಥ ಭಾಗ ಡ್ಯಾಶ್‌ಪಾಟ್. ಅದೂ ಪಿಸ್ಟನ್ನೂ ಕಾರ್ಖಾನೆಯಲ್ಲಿ ಜೋಡಿ ನೋಡಿ ಹೊಂದಿಸಿದ್ದು. ಒಂದರ ಪಿಸ್ಟನ್ ಇನ್ನೊಂದಕ್ಕೆ ಹಾಕಬೇಡಿ. ಒಳಗೆ ಮರಳು ಕಾಗದ, ಪಾಲಿಶ್ ಏನೂ ಬೇಡ. ಸಾಲ್ವೆಂಟ್‌ನಲ್ಲಿ ನೆನೆಸಿದ ಬಟ್ಟೆ ಸಾಕು. ಹೊರಗಡೆ ಕನ್ನಡಿಯಂತೆ ಹೊಳೆಯಿಸಬೇಕು ಅಂದರೆ ಹೊಳೆಯಿಸಿಕೊಳ್ಳಿ.

ಹೊಂದಾಣಿಕೆ ಪರೀಕ್ಷೆ ಹೀಗೆ. ಪಿಸ್ಟನ್ ತಳದಲ್ಲಿ ಎರಡು ಗಾಳಿ ತೂತು ಇವೆ, ಅವನ್ನು ಜೇಡಿಮಣ್ಣಿನಂಥ ಏನಾದರೂ ಮೆತ್ತಿ ಮುಚ್ಚಿ. ಡ್ಯಾಂಪರ್ (ಮೇಲಿನಿಂದ ಇಳಿದು, ಎಣ್ಣೆಯ ಸಹಾಯದಿಂದ ಪಿಸ್ಟನ್ ಏರುವುದನ್ನು ನಿಧಾನ ಮಾಡುವ ಕಡ್ಡಿ) ಹಾಕಿ, ಪಿಸ್ಟನನ್ನು ಡ್ಯಾಶ್‌ಪಾಟ್ ಒಳಗೆ ಪೂರ್ತಿ ಸೇರಿಸಿ. ಎಲ್ಲವನ್ನೂ ತಲೆಕೆಳಗೆ ಮಾಡಿ ಪಿಸ್ಟನನ್ನು ಹಿಡಿದು ಡ್ಯಾಶ್‌ಪಾಟನ್ನು ಬಿಡಿ. ಕೆಳಗೆ ಮೆತ್ತನೆಯದು ಏನಾದರೂ ಇರಲಿ. ಅದು ಪೂರ್ತಿ ಇಳಿಯಲು ಎಚ್‌ಎಸ್4ರಲ್ಲಿ 5ರಿಂದ 7 ಸೆಕೆಂಡ್ ಬೇಕು. ಬೇಗ ಬಿದ್ದರೆ ಜೋಡಿ ಸವೆದಿದೆ ಅಥವಾ ಯಾರೋ ಅದಲು ಬದಲು ಮಾಡಿದ್ದಾರೆ. ತಡವಾದರೆ ಒಳಗೆ ಇನ್ನೂ ಕೊಳೆ ಇದೆ. ಜೋಡಿಸುವಾಗ ಪಿಸ್ಟನ್ ರಾಡ್‌ಗೆ ಮಾತ್ರ ಒಂದು ತೊಟ್ಟು ತೆಳು ಎಣ್ಣೆ. ಪಿಸ್ಟನ್ ಸುತ್ತಲಿನ ಅಗಲ ಅಂಚು ಒಣಗೇ ಇರಬೇಕು.

ನೀಡಲ್, ಜೆಟ್

ನೀಡಲನ್ನು ಬೆಳಕಿಗೆ ಹಿಡಿದು ನಿಧಾನ ತಿರುಗಿಸಿ. ಒಂದೇ ಬದಿಯಲ್ಲಿ ಹೊಳೆಯುವ ಗೆರೆ ಕಂಡರೆ ಅದು ಜೆಟ್‌ಗೆ ಉಜ್ಜುತ್ತಿದೆ. ಜೆಟ್‌ನ ಬಾಯಿಯನ್ನು ಭೂತಗನ್ನಡಿಯಲ್ಲಿ ನೋಡಿ. ಹೊಸದರಲ್ಲಿ ಅದು 0.090 ಇಂಚಿನ ಸರಿಯಾದ ದುಂಡು. ಉಜ್ಜಿದ್ದರೆ ಒಂದು ಕಡೆ ಉದ್ದವಾಗಿರುತ್ತದೆ. ಆ ಸಂದಿನಿಂದ ಐಡ್ಲಿಂಗ್‌ನಲ್ಲಿ ಪೆಟ್ರೋಲ್ ಜಾಸ್ತಿ ಹೋಗುತ್ತದೆ. ಅದನ್ನು ಸರಿ ಮಾಡಲು ನೀವು ಲೀನ್ ಮಾಡುತ್ತೀರಿ, ಅಂದರೆ ಪೆಟ್ರೋಲ್ ಕಡಿಮೆ ಮಾಡುತ್ತೀರಿ. ಆಗ ರಸ್ತೆಯಲ್ಲಿ ಪಿಕಪ್ ಇರುವುದಿಲ್ಲ. ನೀಡಲ್, ಜೆಟ್ ಎರಡನ್ನೂ ಒಟ್ಟಿಗೆ ಬದಲಿಸಿ, ಎರಡೂ ಕಾರ್ಬುರೇಟರ್‌ಗೂ. ನೀಡಲ್‌ನ ದಪ್ಪ ತುದಿಯ ಮೇಲೆ ಅದರ ಗುರುತು ಕೆತ್ತಿರುತ್ತದೆ. ಎರಡರಲ್ಲೂ ಒಂದೇ ಇದೆಯಾ, ನಿಮ್ಮ ಇಂಜಿನ್‌ಗೆ ಮ್ಯಾನುಯಲ್ ಹೇಳಿದ್ದು ಅದೇನಾ ನೋಡಿ. ಐವತ್ತು ವರ್ಷ ಹಳೆಯ ಕಾರಿನಲ್ಲಿ ಯಾರು ಏನು ಹಾಕಿದ್ದಾರೋ ಹೇಳಲಾಗದು, ಅಲ್ವಾ?

ಹಳೇ ಮಾದರಿಯ ಸ್ಥಿರ ನೀಡಲ್ ಆದರೆ ಅದರ ಭುಜ ಪಿಸ್ಟನ್ ಮುಖಕ್ಕೆ ಸರಿಸಮ ಕೂರಬೇಕು. ಆಮೇಲೆ ಜೆಟನ್ನು ಮಧ್ಯಕ್ಕೆ ತರಬೇಕು. ಜೆಟ್ ನಟ್ (ಜೆಟ್ ಏರಿಸಿ ಇಳಿಸುವ ನಟ್) ಬಿಚ್ಚಿ ಅದರ ಮೇಲಿನ ಸ್ಪ್ರಿಂಗ್ ತೆಗೆದು, ನಟ್ಟನ್ನು ಪೂರ್ತಿ ಮೇಲಕ್ಕೆ ಹತ್ತಿಸಿ. ಜೆಟನ್ನೂ ಮೇಲಕ್ಕೆ ಒತ್ತಿ ಹಿಡಿಯಿರಿ. ದೊಡ್ಡ ಲಾಕ್ ನಟ್ ಸ್ವಲ್ಪ ಸಡಿಲಿಸಿ, ಜೆಟನ್ನು ಹಿಡಿದಿರುವ ಇಡೀ ಜೆಟ್ ಬೇರಿಂಗ್ ಬೆರಳಿಗೆ ಅಲುಗುವಷ್ಟು. ಡ್ಯಾಂಪರ್ ತೂತಿನಿಂದ ಪೆನ್ಸಿಲ್ ಇಳಿಸಿ ಪಿಸ್ಟನನ್ನು ಕೆಳಗೆ ಒತ್ತಿ. ನೀಡಲ್ ತಾನೇ ಜೆಟನ್ನು ಮಧ್ಯಕ್ಕೆ ತಳ್ಳುತ್ತದೆ. ಹಾಗೇ ಒತ್ತಿಕೊಂಡು ಲಾಕ್ ನಟ್ ಬಿಗಿ ಮಾಡಿ. ಈಗ ಪಿಸ್ಟನ್ ಎತ್ತಿ ಬಿಟ್ಟರೆ ಟಕ್ ಅಂತ ಸ್ಪಷ್ಟ ಸದ್ದು ಬರಬೇಕು. ಜೆಟ್ ಕೆಳಗಿಳಿಸಿ ಮತ್ತೆ ಬಿಡಿ. ಎರಡೂ ಸದ್ದು ಒಂದೇ ಥರ ಇರಬೇಕು. ಜೆಟ್ ಇಳಿಸಿದಾಗ ಟಕ್, ಏರಿಸಿದಾಗ ಮೆತ್ತಗೆ ಟಪ್ ಅಂದರೆ ಇನ್ನೂ ತಾಗುತ್ತಿದೆ. ಮತ್ತೆ ಮಾಡಿ. ಒಂದೆರಡು ಸಲದಲ್ಲಿ ಬರದಿದ್ದರೂ ಬಿಡಬೇಡಿ, ಈ ಟಕ್ ಸದ್ದು ಬರುವ ತನಕ ಮುಂದೆ ಹೋಗುವುದರಲ್ಲಿ ಅರ್ಥವಿಲ್ಲ.

ಆಮೇಲಿನ ಮಾದರಿಗಳಲ್ಲಿ ನೀಡಲ್ ಸ್ಪ್ರಿಂಗ್ ಮೇಲೆ ಒಂದು ಬದಿಗೆ ವಾಲಿರುತ್ತದೆ. ಅದು ಜೆಟ್‌ಗೆ ತಾಗುವುದೇ ಸರಿ. ಅದಕ್ಕೆ ಜೆಟ್ ಮಧ್ಯಕ್ಕೆ ತರುವ ಕೆಲಸ ಇಲ್ಲ. ನೀಡಲ್ ಗೈಡ್ ಮೇಲಿನ ಗುರುತು ಪಿಸ್ಟನ್ ತಳದ ಎರಡು ಗಾಳಿ ತೂತಿನ ನಡುವೆ ಬರುವಂತೆ ಕೂರಿಸಿ.

ಜೆಟ್ ಪೈಪ್ ಫ್ಲೋಟ್ ಬಟ್ಟಲಿಗೆ ಸೇರುವ ಕಡೆ ಸೋರದಂತೆ ತಡೆಯುವ ಸಣ್ಣ ರಬ್ಬರ್ ಗ್ಲ್ಯಾಂಡ್ ಇದೆ. ಪೈಪ್ ತುದಿ ಗ್ಲ್ಯಾಂಡ್ ದಾಟಿ 3/16 ಇಂಚು ಹೊರಗೆ ಬಂದಿರಬೇಕು. ಕಡಿಮೆಯಾದರೆ ಅಲ್ಲಿಂದ ಪೆಟ್ರೋಲ್ ಜಿನುಗುತ್ತದೆ.

ಫ್ಲೋಟ್

ಫ್ಲೋಟನ್ನು ಕಿವಿ ಹತ್ತಿರ ಅಲ್ಲಾಡಿಸಿ. ಒಳಗೆ ಕುಲುಕಿದರೆ ಎಸೆಯಿರಿ. ಬಟ್ಟಲಿಗೆ ಬರುವ ಪೆಟ್ರೋಲನ್ನು ತಡೆಯುವ ನೀಡಲ್ ವಾಲ್ವ್ ಮತ್ತು ಅದು ಕೂರುವ ಸೀಟ್ ಹೊಸದು ಹಾಕಿ. ಮುಚ್ಚಳ ತಲೆಕೆಳಗೆ ಹಿಡಿದಾಗ ಮುಚ್ಚಳದ ಅಂಚಿಗೂ ಫ್ಲೋಟ್ ಲಿವರ್‌ಗೂ ನಡುವೆ 1/8ರಿಂದ 3/16 ಇಂಚು ಸಂದು ಇರಬೇಕು. 1/8 ಇಂಚಿನ ಡ್ರಿಲ್ ಬಿಟ್ ತೂರಿಸಿ ನೋಡುವುದು ಸುಲಭ. ಲಿವರ್ ಲೋಹದ್ದಾದರೆ ಮೆಲ್ಲಗೆ ಬಗ್ಗಿಸಿ. ಬಗ್ಗದ ಪ್ಲಾಸ್ಟಿಕ್ ಆದರೆ ಸೀಟ್ ಕೆಳಗೆ ವಾಷರ್ ಹಾಕಿ ಸರಿ ಮಾಡಬೇಕು. ಎಲ್ಲ ಸರಿಯಿದ್ದೂ ಓವರ್‌ಫ್ಲೋ ಆಗುತ್ತಿದ್ದರೆ ಪಂಪ್ ನೋಡಿ. ಎಸ್‌ಯುಗೆ 3 ಪಿಎಸ್‌ಐ ಸುತ್ತಮುತ್ತ ಸಾಕು. ಜೋರಾದ ಹೊಸ ಪಂಪ್ ಹಾಕಿದ್ದರೆ ಅದು ವಾಲ್ವನ್ನೇ ತಳ್ಳಿ ತೆರೆಯುತ್ತದೆ. ಎಥನಾಲ್ ಬೆರೆಸಿದ ಪೆಟ್ರೋಲ್ ಹಳೇ ರಬ್ಬರ್ ತಿನ್ನುವುದರಿಂದ ಪೈಪ್‌ಗಳನ್ನೂ ಇದೇ ಸಮಯಕ್ಕೆ ಬದಲಿಸಿಬಿಡಿ.

ಹೊಸದೇ ತರುವುದು ಯಾವಾಗ

ಬಾಡಿ ಬಿರುಕು ಬಿಟ್ಟಿದ್ದರೆ, ಹಿಂದೆ ಯಾರೋ ಬುಷ್ ಓರೆಯಾಗಿ ಹಾಕಿದ್ದರೆ, ಜೆಟ್ ಬೇರಿಂಗ್ ಮರೆ ಹೋಗಿದ್ದರೆ ಹೊಸದು ತನ್ನಿ. ಇಂಗ್ಲೆಂಡಿನ ಸಾಲ್ಸ್‌ಬರಿಯಲ್ಲಿರುವ ಬರ್ಲೆನ್ ಕಂಪನಿ ಎಸ್‌ಯು ಹೆಸರಿನಲ್ಲೇ ಇವತ್ತಿಗೂ ಹೊಸ ಕಾರ್ಬುರೇಟರನ್ನೂ ಬಿಡಿಭಾಗಗಳನ್ನೂ ಮಾಡುತ್ತದೆ. ಅಮೆರಿಕಕ್ಕೆ ಹೋದ 1975ರ ನಂತರದ ಎಂಜಿಬಿಗಳಲ್ಲಿ ಒಂದೇ ಒಂದು ಝೆನಿತ್–ಸ್ಟ್ರಾಂಬರ್ಗ್ ಕಾರ್ಬುರೇಟರ್ ಇರುತ್ತದೆ. ಅದನ್ನು ತೆಗೆದು ಎರಡು ಎಸ್‌ಯು ಹಾಕಿದರೆ ಕಾರಿಗೆ ಜೀವ ಬರುತ್ತದೆ, ನಿಮ್ಮ ಊರಿನ ಹೊಗೆ ನಿಯಮ ಒಪ್ಪುವುದಾದರೆ. ವೆಬರ್ ಡಿಸಿಒಇ ಕಾರ್ಬುರೇಟರ್ ಹಾಕಿಸಿ ಅಂತ ಹೇಳುವವರೂ ಸಿಗುತ್ತಾರೆ. ರೇಸ್ ಓಡಿಸುವವರಿಗೆ ಅದು ಸರಿ. ರಸ್ತೆಯ ಕಾರಿಗೆ ನಾನು ಬೇಡ ಅನ್ನುತ್ತೇನೆ. ಮ್ಯಾನಿಫೋಲ್ಡ್ (ಕಾರ್ಬುರೇಟರನ್ನು ಇಂಜಿನ್‌ಗೆ ಸೇರಿಸುವ ಕೊಳವೆ) ಬದಲಿಸಬೇಕು, ಚೋಕ್, ಎಮಲ್ಷನ್ ಟ್ಯೂಬ್, ನಾಲ್ಕಾರು ಥರದ ಜೆಟ್ ಎಲ್ಲ ಹೊಂದಿಸಬೇಕು. ಸರಿಯಾಗಿರುವ ಎಸ್‌ಯು ಕೊಡುವ ಮೃದು ಎಳೆತ ಅಷ್ಟೆಲ್ಲ ಮಾಡಿದರೂ ಸುಲಭಕ್ಕೆ ಬರುವುದಿಲ್ಲ.

ಕೂರಿಸಿ ಟ್ಯೂನ್ ಮಾಡುವುದು

ಜೆಟ್‌ನ ಬಾಯಿ ಬ್ರಿಜ್ (ಪಿಸ್ಟನ್ ಇಳಿದು ಕೂರುವ ದಿಬ್ಬ) ಮಟ್ಟಕ್ಕೆ ಬರುವಷ್ಟು ನಟ್ ಮೇಲೆತ್ತಿ, ಅಲ್ಲಿಂದ ಎರಡು ಪೂರ್ತಿ ಸುತ್ತು ಕೆಳಗಿಳಿಸಿ. ಆರು ಮುಖದ ನಟ್ ಅದು, ಹನ್ನೆರಡು ಮುಖ ಆಯಿತು. ಎರಡಕ್ಕೂ ಒಂದೇ. ಡ್ಯಾಂಪರ್‌ಗೆ ಎಸ್‌ಎಇ 20 ಎಣ್ಣೆ ಹಾಕಿ. ಮುಚ್ಚಳದಲ್ಲಿ ಗಾಳಿ ತೂತು ಇಲ್ಲದ ಮಾದರಿಯಲ್ಲಿ ಟೊಳ್ಳು ರಾಡ್‌ನ ತುದಿಗಿಂತ ಅರ್ಧ ಇಂಚು ಮೇಲೆ ಬರಲಿ.

ಇಂಜಿನ್ ಚೆನ್ನಾಗಿ ಬಿಸಿಯಾಗಲಿ. ಎರಡರ ನಡುವಿನ ರಾಡ್‌ನ ಕ್ಲ್ಯಾಂಪ್ ಸಡಿಲಿಸಿ. ಈಗ ಒಂದೊಂದೂ ಸ್ವತಂತ್ರ. ಏರ್ ಫ್ಲೋ ಮೀಟರ್ ಇದ್ದರೆ ಬಾಯಿಗಿಟ್ಟು ಎರಡೂ ಒಂದೇ ಅಂಕಿ ತೋರಿಸುವ ತನಕ ಐಡ್ಲಿಂಗ್ ಸ್ಕ್ರೂ ತಿರುಗಿಸಿ. ಇಲ್ಲದಿದ್ದರೆ ಒಂದು ರಬ್ಬರ್ ಪೈಪ್ ಸಾಕು. ಒಂದು ತುದಿ ಕಿವಿಯಲ್ಲಿ, ಇನ್ನೊಂದು ಕಾರ್ಬುರೇಟರ್ ಬಾಯಲ್ಲಿ. ಎರಡರ ಬುಸ್ ಸದ್ದು ಒಂದೇ ಆಗಬೇಕು.

ಆಮೇಲೆ ಮಿಕ್ಸ್ಚರ್. ನಟ್ ಕೆಳಗಿಳಿಸಿದರೆ ರಿಚ್ (ಪೆಟ್ರೋಲ್ ಜಾಸ್ತಿ), ಮೇಲೇರಿಸಿದರೆ ಲೀನ್. ಎರಡನ್ನೂ ಒಂದೊಂದೇ ಮುಖ ತಿರುಗಿಸುತ್ತಾ ಇಂಜಿನ್ ಅತಿ ನಯವಾಗಿ ಓಡುವ ಜಾಗ ಹಿಡಿಯಿರಿ. ಪಕ್ಕದ ಪಿನ್‌ನಿಂದ ಒಂದರ ಪಿಸ್ಟನನ್ನು 1/32 ಇಂಚು, ಅಂದರೆ ಒಂದು ಮಿಲಿಮೀಟರ್‌ಗಿಂತ ಕಡಿಮೆ ಎತ್ತಿ. ವೇಗ ಏರಿ ಹಾಗೇ ನಿಂತರೆ ರಿಚ್. ತಕ್ಷಣ ಬಿದ್ದರೆ ಲೀನ್. ಚೂರು ಏರಿ ಮತ್ತೆ ಮೊದಲಿನ ಜಾಗಕ್ಕೆ ಬಂದರೆ ಸರಿ. ಜಾಸ್ತಿ ಎತ್ತಿದರೆ ಈ ಪರೀಕ್ಷೆಯೇ ಸುಳ್ಳಾಗುತ್ತದೆ, ಹಾಗಾಗಿ ಬೆರಳು ಹಗುರವಾಗಿರಲಿ. ಒಂದನ್ನು ಬದಲಿಸಿದರೆ ಇನ್ನೊಂದನ್ನೂ ಮತ್ತೆ ನೋಡಬೇಕು, ಕೊನೆಗೆ ಗಾಳಿ ಸಮ ಇದೆಯಾ ಅಂತ ಮತ್ತೊಮ್ಮೆ.

ಕ್ಲ್ಯಾಂಪ್ ಬಿಗಿ ಮಾಡುವಾಗ ಎರಡೂ ಥ್ರಾಟಲ್ ಒಂದೇ ಕ್ಷಣಕ್ಕೆ ತೆರೆಯಬೇಕು. ಚೋಕ್ ಕೇಬಲ್‌ಗೆ 1/16 ಇಂಚು ಸಡಿಲ ಬಿಡಿ. ಇಲ್ಲದಿದ್ದರೆ ಜೆಟ್ ಸದಾ ಸ್ವಲ್ಪ ಕೆಳಗೆ ಎಳೆದುಕೊಂಡೇ ಇರುತ್ತದೆ.

ಇನ್ನು ಕಾರ್ ಹೊರಗೆ ತೆಗೆಯಿರಿ. ಸ್ವಲ್ಪ ದೂರ ಚೆನ್ನಾಗಿ ಓಡಿಸಿ, ವೇಗದಲ್ಲಿರುವಾಗಲೇ ನ್ಯೂಟ್ರಲ್ ಮಾಡಿ, ಸ್ಟಿಯರಿಂಗ್ ಲಾಕ್ ಇಲ್ಲದ ಕಾರಾದರೆ ಇಂಜಿನ್ ಆಫ್ ಮಾಡಿ ಪಕ್ಕಕ್ಕೆ ನಿಲ್ಲಿಸಿ. ಲಾಕ್ ಇದ್ದರೆ ನಿಂತ ಕೂಡಲೇ ಆಫ್ ಮಾಡಿ. ಜಾಗ ಖಾಲಿ ಇರುವ ರಸ್ತೆಯಲ್ಲಿ ಮಾತ್ರ. ತಣ್ಣಗಾದ ಮೇಲೆ ಪ್ಲಗ್ ತೆಗೆದು ಸಾಲಾಗಿ ಇಡಿ. ಒಂದನೇ ಮತ್ತು ಎರಡನೇ ಸಿಲಿಂಡರ್ ಮುಂದಿನ ಕಾರ್ಬುರೇಟರ್‌ದು, ಮೂರು ಮತ್ತು ನಾಲ್ಕು ಹಿಂದಿನದ್ದು. ತಿಳಿ ಕಂದು ಬಣ್ಣ ಇದ್ದರೆ ಸರಿ. ಒಂದು ಜೋಡಿ ಕಪ್ಪು ಮಸಿ ಹಿಡಿದಿದ್ದರೆ ಆ ಕಡೆಯ ನಟ್ ಒಂದು ಮುಖ ಮೇಲಕ್ಕೆ, ಬಿಳಿಚಿಕೊಂಡಿದ್ದರೆ ಒಂದು ಮುಖ ಕೆಳಕ್ಕೆ. ಕೆಲವು ದಿನ ಓಡಿಸಿದ ಮೇಲೆ ಮ್ಯಾನಿಫೋಲ್ಡ್ ನಟ್‌ಗಳನ್ನು ಒಮ್ಮೆ ಬಿಗಿ ಮಾಡಿ, ಹೊಸ ಗ್ಯಾಸ್ಕೆಟ್ ಸ್ವಲ್ಪ ಕುಗ್ಗಿರುತ್ತದೆ. ಡ್ಯಾಂಪರ್ ಎಣ್ಣೆಯ ಮಟ್ಟವನ್ನೂ ಆಗಲೇ ನೋಡಿಬಿಡಿ.